ಕುರ್ಚಿ ವಿಮಾನದ ಬಾಗಿಲವರೆಗೂ ಬರಲಿ

ಹಲಸೂರಿನಲ್ಲೋ ಇಂದಿರಾನಗರದಲ್ಲೋ ಇರುವ, ಬ್ಯಾಟರಿ ವೀಲ್‌ಚೇರ್ ಬಳಸುವ ಒಬ್ಬರು ದೆಹಲಿಗೆ ಹೊರಟಿದ್ದಾರೆ ಎಂದುಕೊಳ್ಳಿ. ಆಕಾಶದಲ್ಲಿ ಕಳೆಯುವ ಎರಡೂವರೆ, ಮೂರು ಗಂಟೆಯ ಬಗ್ಗೆ ಅವರಿಗೆ ಅಂಥ ಚಿಂತೆ ಇರುವುದಿಲ್ಲ. ಚೆಕ್-ಇನ್ ಕೌಂಟರಿನಲ್ಲಿ ಯಾರೋ "ಈ ಕುರ್ಚಿ ಇಲ್ಲೇ ಕೊಟ್ಟುಬಿಡಿ" ಎನ್ನುತ್ತಾರೆ. ಆ ಗಳಿಗೆಯಿಂದ ಹಿಡಿದು ದೆಹಲಿಯಲ್ಲಿ ಅದೇ ಕುರ್ಚಿ ಮರಳಿ ಕೈಸೇರುವವರೆಗಿನ ಹೊತ್ತಿದೆಯಲ್ಲ, ಅದರದೇ ಚಿಂತೆ. ಅಷ್ಟು ಹೊತ್ತೂ ಶೌಚಾಲಯಕ್ಕೆ ಹೋಗಲು ಇನ್ನೊಬ್ಬರು ತಳ್ಳಬೇಕು, ನೀರಿಗೆ ಇನ್ನೊಬ್ಬರನ್ನು ಕೇಳಬೇಕು. ತಳ್ಳುವವರು ಗೇಟಿನ ಬಳಿ ಬಿಟ್ಟುಹೋದರೆ ಕೂತಲ್ಲೇ ಕೂತಿರಬೇಕು. ಮನೆಯಿಂದ ಸ್ವತಂತ್ರವಾಗಿ ಹೊರಟವರು ವಿಮಾನ ನಿಲ್ದಾಣದೊಳಗೆ ಪರಾಧೀನರಾಗುತ್ತಾರೆ. ಆ ಹೊತ್ತನ್ನು ಎಷ್ಟು ಮೊಟಕುಗೊಳಿಸಬಹುದೋ ಅಷ್ಟು ಮೊಟಕುಗೊಳಿಸಬೇಕು ಎಂಬುದೊಂದೇ ಇಲ್ಲಿ ನನ್ನ ವಾದ. ನಿಯಮ, ಬ್ಯಾಟರಿಯ ಲೆಕ್ಕ, ಸರಕು ಬಾಗಿಲಿನ ಅಳತೆ ಇವನ್ನೆಲ್ಲ ತಿಳಿದುಕೊಳ್ಳಬೇಕಾದದ್ದು ಅದಕ್ಕಾಗಿಯೇ.

ಈ ಮಾತನ್ನು ಬೆಂಗಳೂರಿನ ದಂಡು ಪ್ರದೇಶ ಮತ್ತು ಪೂರ್ವಭಾಗವನ್ನು ಮುಂದಿಟ್ಟುಕೊಂಡು ಆಡಲು ಕಾರಣವಿದೆ. ಅಂಗವಿಕಲರ ಸ್ವಾವಲಂಬನೆಯ ಕೆಲಸ ಈ ನಗರದಲ್ಲಿ ಬಹುಕಾಲದಿಂದ ಬೇರೂರಿರುವುದು ಇದೇ ಭಾಗದಲ್ಲಿ. ಬಾಲ್ಯದಲ್ಲೇ ಪೋಲಿಯೊಗೆ ತುತ್ತಾದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ 'ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ' ಇರುವುದು ಲಿಂಗರಾಜಪುರದಲ್ಲಿ. ಎಲ್ಲರ ಬಾಯಲ್ಲೂ ಅದು ಎಪಿಡಿ. ಜೀವನ್‌ಬಿಮಾ ನಗರದಲ್ಲಿರುವ ಅದರ ತೋಟಗಾರಿಕೆ ತರಬೇತಿ ಕೇಂದ್ರಕ್ಕೆ ಸುತ್ತಮುತ್ತಲ ಮನೆಗಳವರು ಗಿಡ ಕೊಳ್ಳಲು ಹೋಗುತ್ತಾರೆ. ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿದೆ. ಹೀಗೆ ವೀಲ್‌ಚೇರ್ ಬಳಸುತ್ತ ಓದಿದವರು, ಕೆಲಸ ಕಲಿತವರು, ಸಂಬಳ ತರುವವರು ಈ ಬೀದಿಗಳಲ್ಲಿ ಹೆಚ್ಚು. ಸಂದರ್ಶನಕ್ಕೆ, ಸಮ್ಮೇಳನಕ್ಕೆ, ಕ್ರೀಡಾಕೂಟಕ್ಕೆ, ಮದುವೆಗೆ ಅವರೂ ವಿಮಾನ ಹತ್ತುತ್ತಾರೆ.

ಒಂದು ಕಾಲದಲ್ಲಿ ವಿಮಾನ ನಿಲ್ದಾಣವೂ ಇಲ್ಲೇ ಇತ್ತು. ಎಚ್‌ಎಎಲ್ ನಿಲ್ದಾಣ ಹಲಸೂರಿನಿಂದ ಏಳೆಂಟು ಕಿಲೋಮೀಟರ್. ಹಳೆ ವಿಮಾನ ನಿಲ್ದಾಣ ರಸ್ತೆ ಎಂಬ ಹೆಸರು ಇನ್ನೂ ಉಳಿದಿದೆ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದು, ಎಚ್‌ಎಎಲ್‌ನಿಂದ ಪ್ರಯಾಣಿಕ ವಿಮಾನಗಳು ಹಾರುವುದು ನಿಂತಿತು. ಅಲ್ಲಿಂದೀಚೆಗೆ ಪೂರ್ವ ಬೆಂಗಳೂರಿನವರ ವಿಮಾನ ಪ್ರಯಾಣ ಶುರುವಾಗುವುದು 35 ಕಿಲೋಮೀಟರ್ ಆಸುಪಾಸಿನ ರಸ್ತೆ ಪ್ರಯಾಣದಿಂದ. ನಿಲ್ದಾಣದೊಳಗೆ ಲಿಫ್ಟ್, ಸಮತಟ್ಟಾದ ನೆಲ, ಏರೋಬ್ರಿಡ್ಜ್ ಎಲ್ಲ ಸಿಕ್ಕವು. ಅಲ್ಲಿಗೆ ಹೋಗುವ ದಾರಿ ಮಾತ್ರ ಉದ್ದವಾಯಿತು.

ಆ ದಾರಿಯ ತೊಡಕು ಅನುಭವಿಸಿದವರಿಗೇ ಗೊತ್ತು. ಮಡಚುವ ವೀಲ್‌ಚೇರ್ ಇದ್ದವರು ಕ್ಯಾಬ್ ಕರೆಸಿದರೆ ಡಿಕ್ಕಿ ತುಂಬ ಸಿಎನ್‌ಜಿ ಸಿಲಿಂಡರ್. ಕುರ್ಚಿಯನ್ನು ಹಿಂದಿನ ಸೀಟಿನಲ್ಲಿ ತುರುಕಿ, ಜೊತೆಗೆ ಬಂದವರು ಮುಂದೆ ಕೂತು ಹೋಗಬೇಕು. ಬುಕ್ ಮಾಡುವಾಗಲೇ ಚಾಲಕರಿಗೆ ಫೋನ್ ಮಾಡಿ "ಡಿಕ್ಕಿ ಖಾಲಿ ಇದೆಯಾ" ಎಂದು ಕೇಳುವುದು ವೀಲ್‌ಚೇರ್ ಬಳಸುವ ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಮಡಚಲಾಗದ ಬ್ಯಾಟರಿ ಕುರ್ಚಿಗೆ ಇಳಿಜಾರು ಹಲಗೆಯೋ ಲಿಫ್ಟೋ ಇರುವ ವ್ಯಾನ್ ಬೇಕು. ಅಂಥ ಟ್ಯಾಕ್ಸಿ ಸೇವೆಯನ್ನು ಬೆಂಗಳೂರಿನಲ್ಲಿ ಆರಂಭಿಸಿದವರಲ್ಲಿ ಕಿಕ್‌ಸ್ಟಾರ್ಟ್ ಕ್ಯಾಬ್ಸ್ ಮುಖ್ಯವಾದದ್ದು. ಬಿಎಂಟಿಸಿಯ ವಾಯುವಜ್ರದಲ್ಲಿ ತಗ್ಗುನೆಲದ ಬಸ್ಸುಗಳಿವೆ, ನಡುಬಾಗಿಲಲ್ಲಿ ಮಡಚಿ ತೆರೆಯುವ ಹಲಗೆಯೂ ಇದೆ. ಬಸ್ಸು ನಿಲ್ದಾಣದ ಕಟ್ಟೆಗೆ ಒತ್ತಿ ನಿಂತು, ಚಾಲಕರೋ ನಿರ್ವಾಹಕರೋ ಇಳಿದುಬಂದು ಹಲಗೆ ಬಿಚ್ಚಿದರಷ್ಟೇ ಅದರಿಂದ ಪ್ರಯೋಜನ. ಕೆ.ಆರ್. ಪುರದ ಸೇತುವೆಯ ಬಳಿಯ ನೂಕುನುಗ್ಗಲಲ್ಲಿ ಅದಾಗುವುದು ಸುಲಭವಲ್ಲ.

ನೇರಳೆ ಮಾರ್ಗದ ಹಲಸೂರು, ಇಂದಿರಾನಗರ ಮೆಟ್ರೊ ನಿಲ್ದಾಣಗಳಲ್ಲಿ 2011ರ ಅಕ್ಟೋಬರ್‌ನಿಂದಲೂ ಲಿಫ್ಟ್‌ಗಳಿವೆ. ಆ ರೈಲು ಕೆ.ಆರ್. ಪುರ ಮುಟ್ಟಿ ವೈಟ್‌ಫೀಲ್ಡ್‌ವರೆಗೆ ಎಡೆಬಿಡದೆ ಓಡತೊಡಗಿದ್ದು 2023ರ ಅಕ್ಟೋಬರ್‌ನಲ್ಲಿ. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಕಟ್ಟುತ್ತಿರುವ ನೀಲಿ ಮಾರ್ಗ ಪೂರ್ತಿಯಾದರೆ, ಹಲಸೂರಿನ ವೀಲ್‌ಚೇರ್ ಪ್ರಯಾಣಿಕರು ಯಾರ ಡಿಕ್ಕಿಯನ್ನೂ ನಂಬದೆ ದೇವನಹಳ್ಳಿ ತಲುಪಬಹುದು. ಅದಕ್ಕೆ ಎರಡು ಮಾರ್ಗಗಳ ನಡುವಿನ ಹಾದಿಯಲ್ಲಿ ಒಂದೇ ಒಂದು ಮೆಟ್ಟಿಲೂ ಇರಕೂಡದು. ಕಟ್ಟುವ ಹಂತದಲ್ಲೇ ತಿದ್ದಿದರೆ ಕೆಲಸ ಸಲೀಸು. ಕಟ್ಟಿ ಮುಗಿದ ಮೇಲೆ ತಿದ್ದುವುದೆಂದರೆ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯುವುದು.

ಇನ್ನು ಹಕ್ಕಿನ ಮಾತು. ವಿಮಾನದಲ್ಲಿ ಅಂಗವಿಕಲರಿಗೆ ಸಿಕ್ಕಿರುವುದೆಲ್ಲ ಯಾರೋ ಒಬ್ಬರು ಅವಮಾನ ಉಂಡು, ಹೋರಾಡಿ ಪಡೆದದ್ದು. ಸ್ವತಃ ವೀಲ್‌ಚೇರ್ ಬಳಸುತ್ತಿದ್ದ ದೆಹಲಿಯ ಜಾವೇದ್ ಅಬಿದಿ ತಮ್ಮ ಅರ್ಜಿಯನ್ನು ತಾವೇ ಸುಪ್ರೀಂ ಕೋರ್ಟಿನಲ್ಲಿ ಮಂಡಿಸಿದರು. ವಿಮಾನದೊಳಗಿನ ಕಿರಿದಾದ ಕುರ್ಚಿ ಮತ್ತು ಪ್ರಯಾಣಿಕರನ್ನು ಬಾಗಿಲ ಎತ್ತರಕ್ಕೆ ಏರಿಸುವ ಆಂಬುಲಿಫ್ಟ್‌ನ ಪ್ರಶ್ನೆ ಅದರಲ್ಲಿತ್ತು. 1998ರ ಡಿಸೆಂಬರ್‌ನಲ್ಲಿ ಬಂದ ತೀರ್ಪು, ಶೇ 80 ಮತ್ತು ಅದಕ್ಕಿಂತ ಹೆಚ್ಚಿನ ಚಲನವೈಕಲ್ಯ ಇರುವವರಿಗೆ ಇಂಡಿಯನ್ ಏರ್‌ಲೈನ್ಸ್ ಅರ್ಧ ದರದ ಟಿಕೆಟ್ ಕೊಡಬೇಕೆಂದಿತು. 2012ರ ಫೆಬ್ರುವರಿ 19ರಂದು ಕೋಲ್ಕತ್ತದಲ್ಲಿ, ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು ಸ್ಪೈಸ್‌ಜೆಟ್ ವಿಮಾನದಿಂದ, ಸೀಟಿನಲ್ಲಿ ಕೂತ ಮೇಲೆ, ಕೆಳಗಿಳಿಸಲಾಯಿತು. ಅವರು ಗೋವಾದಲ್ಲಿ ಅಂಗವಿಕಲರ ಹಕ್ಕಿನ ಬಗೆಗಿನ ಸಮ್ಮೇಳನಕ್ಕೇ ಹೊರಟಿದ್ದರು. 2016ರ ಮೇ 12ರಂದು ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಾಲ್ಕು ವರ್ಷ ಅವರು ಪಟ್ಟು ಬಿಡಲಿಲ್ಲ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

2022ರ ಮೇನಲ್ಲಿ ರಾಂಚಿಯಲ್ಲಿ ಅಂಗವೈಕಲ್ಯವಿದ್ದ ಒಬ್ಬ ಹುಡುಗನನ್ನು ವಿಮಾನ ಹತ್ತಿಸಲಿಲ್ಲವೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಇಂಡಿಗೊಗೆ 5 ಲಕ್ಷ ರೂಪಾಯಿ ದಂಡ ಹಾಕಿತು. ಅದೇ ಜುಲೈನಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು. ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ನಿರಾಕರಿಸುವಂತಿಲ್ಲ. ಪ್ರಯಾಣದಲ್ಲಿ ಆರೋಗ್ಯ ಕೆಡಬಹುದೆಂದು ವಿಮಾನ ಸಂಸ್ಥೆಗೆ ಅನಿಸಿದರೆ ನಿಲ್ದಾಣದ ವೈದ್ಯರು ಮುಖತಃ ಪರೀಕ್ಷಿಸಿ ಹೇಳಬೇಕು. ಕೌಂಟರಿನಲ್ಲಿ ನಿಂತವರ ಅಂದಾಜು ಸಾಲದು. 2024ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ನ್ಯೂಯಾರ್ಕ್‌ನಿಂದ ಬಂದಿಳಿದ ವೃದ್ಧ ದಂಪತಿಗೆ ಒಂದೇ ವೀಲ್‌ಚೇರ್ ಸಿಕ್ಕಿತು. ಹೆಂಡತಿಯನ್ನು ಕೂರಿಸಿ ಪಕ್ಕದಲ್ಲಿ ನಡೆದ 80 ವರ್ಷದ ಗಂಡ ಕುಸಿದುಬಿದ್ದು ತೀರಿಕೊಂಡರು. ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಬಿತ್ತು.

ಡಿಜಿಸಿಎಯ ಈ ನಿಯಮಾವಳಿಯಲ್ಲಿ ಪ್ರಯಾಣಿಕರು ಬಾಯಿಪಾಠ ಮಾಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಟಿಕೆಟ್ ಕೊಂಡ ಮೇಲೆ ನಿಲ್ದಾಣದ ಒಳಗಿನಿಂದ ವಿಮಾನದವರೆಗೆ, ಇಳಿದ ಮೇಲೆ ವಿಮಾನದಿಂದ ಹೊರಬಾಗಿಲವರೆಗೆ ಬೇರೆ ಖರ್ಚಿಲ್ಲದೆ ತಲುಪಿಸುವುದು ವಿಮಾನ ಸಂಸ್ಥೆಯ ಹೊಣೆ. ಹತ್ತಲು ಇಳಿಯಲು ಮಾತ್ರ ನೆರವು ಬೇಕಾದವರಿಂದ ವೈದ್ಯಕೀಯ ಪ್ರಮಾಣಪತ್ರ ಕೇಳುವಂತಿಲ್ಲ. ಬೇಕಾದ ನೆರವನ್ನು ಪ್ರಯಾಣಕ್ಕೆ 48 ಗಂಟೆ ಮೊದಲೇ ತಿಳಿಸಿರಬೇಕು. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು: ನಿಗದಿತ ಮಾನದಂಡಕ್ಕೆ ಒಗ್ಗುವ ಸ್ವಂತ ವೀಲ್‌ಚೇರ್ ಇದ್ದವರು ನಿಲ್ದಾಣದ ಕುರ್ಚಿಯ ಬದಲು ತಮ್ಮದನ್ನೇ ಬಳಸಬಯಸಿದರೆ ಅದಕ್ಕೆ ಅವಕಾಶ ಕೊಡಬೇಕು. ಕೌಂಟರಿನಲ್ಲಿ "ಕುರ್ಚಿ ಇಲ್ಲೇ ಕೊಡಿ" ಎಂದಾಗ ಬಹಳ ಜನ ಅದೇ ನಿಯಮವೆಂದು ನಂಬಿ ಕೊಟ್ಟುಬಿಡುತ್ತಾರೆ. "ಗೇಟಿನವರೆಗೆ ಇದರಲ್ಲೇ ಬರುತ್ತೇನೆ, ವಿಮಾನದ ಬಾಗಿಲಲ್ಲಿ ಕೊಡುತ್ತೇನೆ, ಇಳಿಯುವಾಗ ಅಲ್ಲೇ ತಂದುಕೊಡಿ" ಎಂದು ಹೇಳಿ, ಅದಕ್ಕೆ ತಕ್ಕ ಗೇಟ್ ಟ್ಯಾಗ್ ಕಟ್ಟಿಸಿಕೊಳ್ಳಿ.

ಸ್ವಂತ ಕುರ್ಚಿಗೆ ಇಷ್ಟು ಹಟ ಯಾಕೆ ಎಂದು ಕೇಳುವವರಿದ್ದಾರೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟದ ಕೆಳಗೆ ಸ್ಪರ್ಶವೇ ಇರುವುದಿಲ್ಲ. ಅವರ ಕುರ್ಚಿಯ ಕುಶನ್ನು, ಬೆನ್ನಿನ ಕೋನ, ಪಾದ ಇಡುವ ಎತ್ತರ ಎಲ್ಲ ಅವರ ದೇಹಕ್ಕೇ ಹೊಂದಿಸಿದ್ದು. ನಿಲ್ದಾಣದ ಗಟ್ಟಿ ಸೀಟಿನಲ್ಲಿ ಗಂಟೆಗಟ್ಟಲೆ ಕೂತರೆ ಚರ್ಮದ ಕೆಳಗೆ ರಕ್ತ ಹರಿಯುವುದು ನಿಂತು ಹುಣ್ಣಾಗುತ್ತದೆ. ನೋವು ತಿಳಿಯದೆ ಇರುವುದರಿಂದ ಮನೆಗೆ ಹೋದ ಮೇಲೇ ಗೊತ್ತಾಗುವುದು. ಒಂದು ಹುಣ್ಣು ವಾಸಿಯಾಗಲು ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾದೀತು. ನಿಲ್ದಾಣದ ಕುರ್ಚಿಗಳಲ್ಲಿ ಹೆಚ್ಚಿನವು ಹಿಂದಿನಿಂದ ತಳ್ಳಲೆಂದೇ ಮಾಡಿದವು, ಕೂತವರು ತಾವೇ ಉರುಳಿಸಿಕೊಂಡು ಹೋಗಲು ಅವುಗಳಿಗೆ ದೊಡ್ಡ ಗಾಲಿಯೂ ಇರುವುದಿಲ್ಲ. ಆದ್ದರಿಂದ ಕುರ್ಚಿ ಒಪ್ಪಿಸಿದರೂ ಕುಶನ್ನನ್ನು ಒಪ್ಪಿಸಬೇಡಿ. ಅದನ್ನು ವಿಮಾನದ ಸೀಟಿನ ಮೇಲೆ ಹಾಕಿಕೊಂಡೇ ಕೂರಿ.

ಬುಕಿಂಗ್‌ನಲ್ಲಿ ಯಾವ ಗುರುತು ಬೀಳುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ಜಗತ್ತಿನಾದ್ಯಂತ ವಿಮಾನ ಸಂಸ್ಥೆಗಳು ಮೂರು ಗುರುತು ಬಳಸುತ್ತವೆ. ದೂರ ನಡೆಯಲಾಗದು, ಮೆಟ್ಟಿಲು ಹತ್ತಬಲ್ಲೆ ಎನ್ನುವವರಿಗೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲು ಆಗದು, ಸೀಟಿನವರೆಗೆ ನಾಲ್ಕು ಹೆಜ್ಜೆ ಇಡಬಲ್ಲೆ ಎನ್ನುವವರಿಗೆ ಡಬ್ಲ್ಯುಸಿಎಚ್‌ಎಸ್. ಸ್ವಲ್ಪವೂ ನಡೆಯಲಾಗದವರಿಗೆ ಡಬ್ಲ್ಯುಸಿಎಚ್‌ಸಿ. ಕೊನೆಯ ಒಂದಕ್ಷರ ತಪ್ಪಿದರೆ ಆಂಬುಲಿಫ್ಟ್ ಬರುವುದಿಲ್ಲ, ಒಳಗಿನ ಕಿರಿದಾದ ಕುರ್ಚಿ ಬರುವುದಿಲ್ಲ, ಎತ್ತಿ ಕೂರಿಸಲು ಇಬ್ಬರ ಬದಲು ಒಬ್ಬರೇ ಬರುತ್ತಾರೆ. ಬ್ಯಾಟರಿ ಕುರ್ಚಿಗೆ ಇನ್ನೊಂದು ಗುರುತು ಬೇರೆ ಉಂಟು: ಒಣ ಬ್ಯಾಟರಿ, ದ್ರವ ಬ್ಯಾಟರಿ, ಲಿಥಿಯಂ ಬ್ಯಾಟರಿಗಳಿಗೆ ಬೇರೆ ಬೇರೆ. ಬುಕ್ ಮಾಡಿದ ಮೇಲೆ ಫೋನ್ ಮಾಡಿ, ಯಾವ ಗುರುತು ಹಾಕಿದ್ದೀರಿ ಎಂದು ಓದಿಸಿ ಕೇಳಿ. ಅದನ್ನೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಈಗ ಬ್ಯಾಟರಿ. ಹೆಚ್ಚಿನ ಪ್ರಯಾಣಗಳು ಮುರಿದು ಬೀಳುವುದು ಇಲ್ಲೇ, ಹಾಗಾಗಿ ಕೊಂಚ ವಿವರವಾಗಿ ಹೇಳುತ್ತೇನೆ. ಮೊದಲು ಒಂದು ಗೊಂದಲ ನಿವಾರಿಸಬೇಕು. ನಮ್ಮಲ್ಲಿ ಅಂಗವಿಕಲರ ಸ್ಕೂಟರ್ ಎಂದರೆ ಹಿಂದೆ ಎರಡು ಹೆಚ್ಚುವರಿ ಗಾಲಿ ಜೋಡಿಸಿದ, ಸರ್ಕಾರದ ಯೋಜನೆಯಲ್ಲೂ ಸಿಗುವ ಪೆಟ್ರೋಲ್ ಸ್ಕೂಟರ್ ಎಂದೇ ಬಹಳ ಜನರ ತಿಳಿವಳಿಕೆ. ಅದು ರಸ್ತೆ ವಾಹನ. ಊರುಗೋಲಿನಂತೆ ಜೊತೆಗೆ ಒಯ್ಯುವ ಸಾಧನವೆಂದು ವಿಮಾನ ಸಂಸ್ಥೆ ಅದನ್ನು ಒಪ್ಪುವುದಿಲ್ಲ. ಇಲ್ಲಿ ಹೇಳುತ್ತಿರುವ ಮೊಬಿಲಿಟಿ ಸ್ಕೂಟರ್ ಕಟ್ಟಡದೊಳಗೂ ಓಡಾಡುವ, ಬ್ಯಾಟರಿಯ, ಮೂರು ಅಥವಾ ನಾಲ್ಕು ಗಾಲಿಯ ಸಣ್ಣ ಸಾಧನ.

ಹಳೆಯ ಮಾದರಿಯ ಬ್ಯಾಟರಿ ಕುರ್ಚಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಮುಚ್ಚಿದ ಲೆಡ್-ಆಸಿಡ್ ಬ್ಯಾಟರಿಗಳಿರುತ್ತವೆ. ಒಳಗಿನ ಆಮ್ಲ ಜೆಲ್ ರೂಪದಲ್ಲೋ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡೋ ಇರುವುದರಿಂದ ಮಗುಚಿದರೂ ಚೆಲ್ಲುವುದಿಲ್ಲ. ಇಂಥವನ್ನು ಕುರ್ಚಿಯಲ್ಲೇ ಬಿಟ್ಟು ಸರಕು ಕೋಣೆಗೆ ಏರಿಸಬಹುದು; ತುದಿಗಳು ಒಂದಕ್ಕೊಂದು ತಗುಲದಂತೆ ಮುಚ್ಚಿರಬೇಕು, ಕುರ್ಚಿ ತಾನಾಗಿ ಚಾಲೂ ಆಗದಂತೆ ಮಾಡಿರಬೇಕು. ಆಮ್ಲ ಚೆಲ್ಲುವ ಬಗೆಯ ಬ್ಯಾಟರಿಯಾದರೆ ಕುರ್ಚಿಯನ್ನು ಆರಂಭದಿಂದ ಕೊನೆಯವರೆಗೆ ನೆಟ್ಟಗೆ ನಿಲ್ಲಿಸಿಯೇ ಇಡಬೇಕು, ಆಗದಿದ್ದರೆ ಬ್ಯಾಟರಿ ಬಿಚ್ಚಿ ಬೇರೆಯಾಗಿ ಪ್ಯಾಕ್ ಮಾಡಬೇಕು.

ಲಿಥಿಯಂ ಬ್ಯಾಟರಿಯ ನಿಯಮ ಬೇರೆ. ಒಳಗೆ ಶಾರ್ಟ್ ಆದರೆ ಅದು ತನ್ನ ಬಿಸಿಯಿಂದ ತಾನೇ ಇನ್ನಷ್ಟು ಬಿಸಿಯಾಗುತ್ತ ಹೋಗಿ ಹೊತ್ತಿಕೊಳ್ಳುತ್ತದೆ. ಸರಕು ಕೋಣೆಯ ಅಗ್ನಿಶಾಮಕ ಅನಿಲ ಜ್ವಾಲೆಯನ್ನು ತಗ್ಗಿಸಬಹುದು, ಬ್ಯಾಟರಿಯೊಳಗಿನ ಆ ಬಿಸಿಯ ಸರಣಿಯನ್ನು ನಿಲ್ಲಿಸಲಾರದು. ಪ್ರಯಾಣಿಕರ ಕ್ಯಾಬಿನ್ನಿನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಸುರಿದು ತಣಿಸಬಲ್ಲರು. ಆದ್ದರಿಂದ, ಬಿಚ್ಚಿ ತೆಗೆಯುವಂತೆ ವಿನ್ಯಾಸಗೊಂಡ ಮಡಚುವ ಕುರ್ಚಿ ಅಥವಾ ಸ್ಕೂಟರಿನ ಲಿಥಿಯಂ ಬ್ಯಾಟರಿಯನ್ನು ಬಿಚ್ಚಿ ಕೈಚೀಲದಲ್ಲಿ ಒಯ್ಯಬೇಕು. ಆಗ ಅದು 300 ವ್ಯಾಟ್-ಅವರ್ ಮೀರಬಾರದು. ಎರಡು ಬ್ಯಾಟರಿಯ ಸಾಧನವಾದರೆ ತಲಾ 160. ಬಿಚ್ಚಲಾಗದಂತೆ ಕುರ್ಚಿಗೇ ಭದ್ರವಾಗಿ ಅಳವಡಿಸಿದ್ದರೆ ಅದರಲ್ಲೇ ಇಟ್ಟು ಸರಕು ಕೋಣೆಗೆ ಕಳಿಸಬಹುದು, ಅದಕ್ಕೆ ಈ 300ರ ಮಿತಿ ಇಲ್ಲ. ಎರಡಕ್ಕೂ ವಿಮಾನ ಸಂಸ್ಥೆಯ ಒಪ್ಪಿಗೆ ಮೊದಲೇ ಪಡೆದಿರಬೇಕು.

ಲೆಕ್ಕ ಕಷ್ಟವೇನಲ್ಲ. ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 24 ವೋಲ್ಟ್, 10 ಆಂಪಿಯರ್-ಅವರ್ ಆದರೆ 240; ಕೈಚೀಲದಲ್ಲಿ ಹೋಗುತ್ತದೆ. 24 ವೋಲ್ಟ್, 12 ಆದರೆ 288, ಇದೂ ಸರಿ. 36 ವೋಲ್ಟ್, 10 ಆದರೆ 360. ಬಿಚ್ಚುವ ಬ್ಯಾಟರಿಯಾಗಿದ್ದರೆ ತಡೆಯುತ್ತಾರೆ, ತಡೆಯಲೇಬೇಕು. ಹೊಸ ಸ್ಕೂಟರ್ ಕೊಳ್ಳುವವರು ಎಷ್ಟು ಕಿಲೋಮೀಟರ್ ಓಡುತ್ತದೆ ಎಂದಷ್ಟೇ ಕೇಳಿ ದೊಡ್ಡ ಬ್ಯಾಟರಿ ಆರಿಸುತ್ತಾರೆ. ವಿಮಾನ ಹತ್ತುವ ಯೋಚನೆ ಇದ್ದರೆ ಅಂಗಡಿಯಲ್ಲೇ ಈ ಗುಣಾಕಾರ ಮಾಡಿ. ಬೆಂಗಳೂರಿನಲ್ಲೇ ಇಂಥ ಸಾಧನ ತಯಾರಿಸುವ ಸಂಸ್ಥೆಗಳಿವೆ. ಬ್ಯಾಟರಿಯ ಬಗೆ, ವ್ಯಾಟ್-ಅವರ್, ಬಿಚ್ಚುವ ಕ್ರಮ, ಒಟ್ಟು ತೂಕ ಇವನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಪ್ರತಿ ಕುರ್ಚಿಯ ಜೊತೆಗೆ ಕೊಡುವುದು ಅವರಿಗೆ ದೊಡ್ಡ ಖರ್ಚಲ್ಲ. ಕೌಂಟರಿನ ಸಿಬ್ಬಂದಿಯಲ್ಲಿ ಅನೇಕರು ಬ್ಯಾಟರಿ ಕುರ್ಚಿಯನ್ನು ನೋಡುವುದೇ ಅಪರೂಪ. ಅವರ ಕೈಗೆ ಸ್ಪಷ್ಟವಾದ ಹಾಳೆ ಕೊಟ್ಟರೆ ಅರ್ಧ ಗಂಟೆಯ ವಾದ ಐದು ನಿಮಿಷಕ್ಕೆ ಮುಗಿಯುತ್ತದೆ.

ಬ್ಯಾಟರಿ ಪಾಸಾದ ಮೇಲೂ ಕುರ್ಚಿ ಸರಕು ಬಾಗಿಲಿನಲ್ಲಿ ಹಿಡಿಸಬೇಕು. ಬೋಯಿಂಗ್ 737ರ ಸರಕು ಬಾಗಿಲಿನ ಎತ್ತರ ಸುಮಾರು 89 ಸೆಂಟಿಮೀಟರ್. ಏರ್‌ಬಸ್ ಎ320ರದ್ದು 120 ಸೆಂಟಿಮೀಟರಿಗೂ ತುಸು ಹೆಚ್ಚು. ಬೆನ್ನು ಎತ್ತರವಿರುವ, ತಲೆಯಾನಿಕೆ ಇರುವ ಕುರ್ಚಿ ಎ320ರಲ್ಲಿ ನೆಟ್ಟಗೆ ಹೋದೀತು, 737ರಲ್ಲಿ ಬೆನ್ನು ಮಡಚಬೇಕು ಇಲ್ಲವೇ ಕುರ್ಚಿಯನ್ನೇ ಮಲಗಿಸಬೇಕು. ಮಲಗಿಸಿದಾಗ ಮುರಿಯುವುದು ಜಾಯ್‌ಸ್ಟಿಕ್. ಆಕಾಶ ಏರ್ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗಳಲ್ಲಿ 737 ಹೆಚ್ಚು, ಇಂಡಿಗೊದಲ್ಲಿ ಎ320 ಕುಟುಂಬದ್ದು ಹೆಚ್ಚು. ಟಿಕೆಟ್ ದರ ನೋಡುವಾಗ ವಿಮಾನದ ಮಾದರಿಯನ್ನೂ ನೋಡಿ, ಕುರ್ಚಿಯನ್ನು ಮಡಚಿದಾಗಿನ ಎತ್ತರ ಅಳೆದು ಬರೆದಿಟ್ಟುಕೊಳ್ಳಿ.

ಕುರ್ಚಿ ಮುರಿದಾಗ ಲೋಡರ್‌ಗಳನ್ನು ಬೈಯುವುದು ಸುಲಭ. ನನಗೆ ಅದು ಸರಿ ಕಾಣುವುದಿಲ್ಲ. ಬ್ಯಾಟರಿ ಕುರ್ಚಿಯೊಂದು ನೂರು ಕಿಲೋ ದಾಟಬಹುದು. ಬಂದ ವಿಮಾನ ಅರ್ಧ ಗಂಟೆಯಲ್ಲಿ ಮತ್ತೆ ಹೊರಡಬೇಕೆಂಬ ಒತ್ತಡದಲ್ಲಿ, ಎತ್ತುವ ಯಂತ್ರವಿಲ್ಲದೆ, ಎಲ್ಲಿ ಹಿಡಿಯಬೇಕೆಂದು ಯಾರೂ ಹೇಳಿಕೊಡದೆ, ಮೂರ್ನಾಲ್ಕು ಜನ ಕೈಯಾನಿಕೆಗೇ ಕೈಹಾಕಿ ಎತ್ತುತ್ತಾರೆ. ಬಿಚ್ಚಿ ಬರುವಂಥ ಕೈಯಾನಿಕೆ ಬಿಚ್ಚಿಯೇ ಬರುತ್ತದೆ. ಮೋಟಾರಿನಿಂದ ಗಾಲಿಯನ್ನು ಬಿಡಿಸುವ ಸನ್ನೆ ಎಲ್ಲಿದೆಯೆಂದು ತಿಳಿಯದಿದ್ದರೆ ಕುರ್ಚಿಯನ್ನು ನೆಲದ ಮೇಲೆ ಎಳೆಯದೆ ಅವರಿಗೆ ಗತಿಯಿಲ್ಲ. ಅದಕ್ಕೇ ಕುರ್ಚಿಯ ಮೇಲೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ದೊಡ್ಡದಾಗಿ ಬರೆದ ಚೀಟಿ ಅಂಟಿಸಿ: ಇಲ್ಲಿ ಹಿಡಿದು ಎತ್ತಿ, ಈ ಸನ್ನೆ ತಿರುಗಿಸಿ ತಳ್ಳಿ, ಮಲಗಿಸಬೇಡಿ. ಜಾಯ್‌ಸ್ಟಿಕ್, ಪಾದಹಲಗೆ, ತಲೆಯಾನಿಕೆಗಳಲ್ಲಿ ಬಿಚ್ಚಬರುವುದನ್ನೆಲ್ಲ ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ. ಒಪ್ಪಿಸುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ.

ಭದ್ರತಾ ತಪಾಸಣೆಯ ಬಗ್ಗೆ ಎರಡು ಮಾತು ಸಾಕು. ಕುರ್ಚಿಯಲ್ಲಿ ಕೂತವರನ್ನು ಕೂತಂತೆಯೇ ತಪಾಸಿಸಬಹುದು. ಕುರ್ಚಿಯನ್ನು ಬಟ್ಟೆಯ ತುಣುಕಿನಿಂದ ಒರೆಸಿ ಸ್ಫೋಟಕದ ಕುರುಹು ಪತ್ತೆಮಾಡುವ ಯಂತ್ರದಲ್ಲಿ ಇಡುತ್ತಾರೆ. ಎದ್ದು ನಿಲ್ಲಿ ಎಂದು ಮತ್ತೆ ಮತ್ತೆ ಹೇಳಿಸಿಕೊಂಡ ಯುವತಿಯ ಪ್ರಕರಣ 2024ರಲ್ಲಿ ಕೋಲ್ಕತ್ತದಿಂದ ವರದಿಯಾಯಿತು. ಕೃತಕ ಕಾಲನ್ನು ಪ್ರತಿ ಬಾರಿ ಬಿಚ್ಚಿಸುತ್ತಾರೆಂದು ನೃತ್ಯ ಕಲಾವಿದೆ ಸುಧಾ ಚಂದ್ರನ್ 2021ರಲ್ಲಿ ಪ್ರಧಾನಿಗೇ ಮನವಿ ಮಾಡಿದಾಗ ನಿಲ್ದಾಣದ ಭದ್ರತೆ ನೋಡಿಕೊಳ್ಳುವ ಸಿಐಎಸ್‌ಎಫ್ ಕ್ಷಮೆ ಕೇಳಿತು. ಬಟ್ಟೆ ಸರಿಸಬೇಕಾದ ತಪಾಸಣೆಯನ್ನು ಪ್ರತ್ಯೇಕ ಕೋಣೆಯಲ್ಲೇ ಮಾಡಿ ಎಂದು ಧಾರಾಳವಾಗಿ ಕೇಳಿ.

ವಿಮಾನದ ಬಾಗಿಲಲ್ಲಿ ಸ್ವಂತ ಕುರ್ಚಿಯಿಂದ ಒಳಗಿನ ಕಿರಿದಾದ ಕುರ್ಚಿಗೆ, ಅಲ್ಲಿಂದ ಸೀಟಿಗೆ, ಹೀಗೆ ಎರಡು ಸಲ ದೇಹವನ್ನು ಬೇರೆಯವರ ಕೈಗೆ ಒಪ್ಪಿಸಬೇಕು. ಸೀಟುಗಳ ನಡುವಿನ ಹಾದಿ ಅರ್ಧ ಮೀಟರಿನಷ್ಟೇ ಅಗಲ, ಮಾಮೂಲಿ ವೀಲ್‌ಚೇರ್ ಅಲ್ಲಿ ನುಗ್ಗುವುದಿಲ್ಲ. ಎತ್ತುವವರು ತಮಗೆ ತೋಚಿದಂತೆ ಕಂಕುಳಿಗೆ ಕೈಹಾಕುವ ಮೊದಲು ನೀವೇ ಹೇಳಿ: ಒಬ್ಬರು ಹಿಂದಿನಿಂದ, ಒಬ್ಬರು ಮೊಣಕಾಲ ಕೆಳಗಿನಿಂದ, ಮೂರು ಎಣಿಸಿ ಎತ್ತಿ. ಹಾದಿಯ ಪಕ್ಕದ, ಕೈಯಾನಿಕೆ ಮೇಲೆತ್ತಬರುವ ಸೀಟು ಕೇಳಿ. ಕಾಲು ಚಾಚಲು ಜಾಗವಿದೆಯೆಂದು ಮುಂದಿನ ಸಾಲನ್ನು ಕೊಡುವುದುಂಟು, ಅಲ್ಲಿ ಕೈಯಾನಿಕೆಗಳು ಸಾಮಾನ್ಯವಾಗಿ ಸ್ಥಿರ. ಅವುಗಳ ಮೇಲಿಂದ ಎತ್ತಿ ದಾಟಿಸಬೇಕಾಗುತ್ತದೆ. ತಮ್ಮದೇ ಬ್ಯಾಟರಿ ಕುರ್ಚಿಯಲ್ಲಿ ಕೂತೇ ಹಾರುವಂಥ ಸೀಟಿನ ಮಾದರಿಯೊಂದನ್ನು 2023ರಲ್ಲಿ ಹ್ಯಾಂಬರ್ಗ್‌ನ ಪ್ರದರ್ಶನದಲ್ಲಿ ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆಯ ಅಂಗಸಂಸ್ಥೆ ತೋರಿಸಿತು. ಅದು ಬಂದರೆ ಈ ಇಡೀ ಅಂಕಣ ಬೇಕಾಗುವುದಿಲ್ಲ.

ದೊಡ್ಡ ವಿಮಾನಕ್ಕೆ ಹೆಚ್ಚಾಗಿ ಏರೋಬ್ರಿಡ್ಜ್ ಇರುತ್ತದೆ. ಕರ್ನಾಟಕದೊಳಗೇ ಹೋಗಬೇಕಾದವರ ಗತಿ ಬೇರೆ. ಹುಬ್ಬಳ್ಳಿ, 2023ರಲ್ಲಿ ತೆರೆದ ಶಿವಮೊಗ್ಗದಂಥ ಊರುಗಳಿಗೆ ಓಡುವುದರಲ್ಲಿ ಎಟಿಆರ್ ವಿಮಾನಗಳು ಅನೇಕ. ಅವುಗಳಿಗೆ ಹಿಂಬದಿಯಲ್ಲಿ, ನೆಲಕ್ಕೆ ಸಮೀಪದಲ್ಲಿ ಪುಟ್ಟ ಬಾಗಿಲು, ಅದರಲ್ಲೇ ನಾಲ್ಕಾರು ಮೆಟ್ಟಿಲು. ಮೆಟ್ಟಿಲು ಕಡಿಮೆಯೆಂದು ಸಿಬ್ಬಂದಿ ಕುರ್ಚಿ ಸಮೇತ ಕೈಯಲ್ಲೇ ಎತ್ತಿಬಿಡಲು ಮುಂದಾಗುತ್ತಾರೆ. ಮಳೆಗಾಲದಲ್ಲಿ ಒದ್ದೆ ಮೆಟ್ಟಿಲ ಮೇಲೆ ಇದು ಎತ್ತುವವರಿಗೂ ಅಪಾಯ, ಕೂತವರಿಗೂ ಅಪಾಯ. ಈ ಬಾಗಿಲಿಗೆ ಹೊಂದುವ ಇಳಿಜಾರು ರ‍್ಯಾಂಪ್‌ಗಳಿವೆ. ಹೋಗುವ ಊರಿನಲ್ಲಿ ಅದು ಇದೆಯೇ ಎಂದು ಬುಕಿಂಗ್ ಹೊತ್ತಿಗೇ ಕೇಳಬೇಕು. ಬೆಂಗಳೂರಿನಲ್ಲಿ ಇದ್ದು ಅಲ್ಲಿ ಇಲ್ಲದಿದ್ದರೆ ಇಳಿಯುವಾಗ ಅದೇ ಪಾಡು.

ಯಾರೂ ಬಾಯಿಬಿಟ್ಟು ಆಡದ ಒಂದು ಕಷ್ಟವಿದೆ, ಶೌಚಾಲಯದ್ದು. ಒಂದೇ ಹಾದಿಯ ವಿಮಾನಗಳ ಶೌಚಾಲಯದೊಳಗೆ ಎರಡು ಕಾಲಿನ ಮೇಲೆ ನಿಲ್ಲಬಲ್ಲವರಿಗೇ ತಿರುಗಲು ಜಾಗವಿಲ್ಲ. ಆದ್ದರಿಂದ ವೀಲ್‌ಚೇರ್ ಬಳಸುವ ಅನೇಕರು, ಮುಖ್ಯವಾಗಿ ಹೆಂಗಸರು, ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ. ಬೆನ್ನುಹುರಿಯ ಗಾಯವಿದ್ದವರಿಗೆ ಮೂತ್ರಕೋಶದ ಸೋಂಕು ಮೊದಲೇ ಬೇಗ ಹತ್ತುವಂಥದ್ದು, ನೀರು ಬಿಟ್ಟರೆ ಇನ್ನೂ ಬೇಗ. ಮೂತ್ರ ತುಂಬಿ ನಿಂತರೆ ಕೆಲವರಿಗೆ ರಕ್ತದೊತ್ತಡ ಒಮ್ಮೆಲೇ ಏರಿ ಜೀವಕ್ಕೇ ಕುತ್ತಾಗಬಹುದು. ಹೊರಡುವ ವಾರ ಮೊದಲೇ ವೈದ್ಯರ ಬಳಿ ಕ್ಯಾತಿಟರ್, ಲೆಗ್ ಬ್ಯಾಗ್ ಬಗ್ಗೆ ನಾಚಿಕೆ ಬಿಟ್ಟು ಮಾತಾಡಿ. ಹತ್ತುವ ಮುನ್ನ ನಿಲ್ದಾಣದ ದೊಡ್ಡ ಶೌಚಾಲಯವನ್ನು ಬಳಸಲು ಸ್ವಂತ ಕುರ್ಚಿ ಕೈಯಲ್ಲಿರಬೇಕು ಎಂಬುದೂ ನಾನು ಮೊದಲು ಹೇಳಿದ ಹಟಕ್ಕೆ ಒಂದು ಕಾರಣ. ಅಮೆರಿಕಕ್ಕೆ ಹೋಗುವಂಥ ಎರಡು ಹಾದಿಯ ದೊಡ್ಡ ವಿಮಾನಗಳಲ್ಲಿ ಕೊಂಚ ವಿಶಾಲವಾದ ಶೌಚಾಲಯವೂ ಒಳಗೆ ತಳ್ಳುವ ಕುರ್ಚಿಯೂ ಇರುತ್ತವೆ, ಅಷ್ಟು ನೆಮ್ಮದಿ.

ಅಮೆರಿಕದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಮಗಳ ಬಾಣಂತನಕ್ಕೋ ಮೊಮ್ಮಗನ ನಾಮಕರಣಕ್ಕೋ ಹೊರಟ ನಮ್ಮ ಅಪ್ಪ ಅಮ್ಮಂದಿರಲ್ಲಿ ಬಹಳ ಜನ, ನಡೆಯಬಲ್ಲವರೂ, ವೀಲ್‌ಚೇರ್ ಬುಕ್ ಮಾಡಿಸುತ್ತಾರೆ. ಇದರಿಂದ ನಿಜಕ್ಕೂ ನಡೆಯಲಾಗದವರಿಗೆ ಕುರ್ಚಿ ಸಿಗುವುದಿಲ್ಲ ಎಂಬ ದೂರು ಸತ್ಯವೇ. ಆದರೆ ಅವರು ಕುರ್ಚಿ ಕೇಳುವುದು ಮೋಸ ಮಾಡಬೇಕೆಂದಲ್ಲ. ಫ್ರಾಂಕ್‌ಫರ್ಟ್‌ನಲ್ಲೋ ದುಬೈನಲ್ಲೋ ಗೊತ್ತಿಲ್ಲದ ಭಾಷೆಯ ನಡುವೆ ಗೇಟು ಹುಡುಕುವ ಭಯ ಅವರದು. ಕುರ್ಚಿ ತಳ್ಳುವವರೊಬ್ಬರು ಜೊತೆಗಿದ್ದರೆ ಕಳೆದುಹೋಗುವುದಿಲ್ಲ ಎಂಬ ಧೈರ್ಯ. ಅವರಿಗೆ ಬೇಕಾದದ್ದು ಜೊತೆಗೆ ನಡೆಯುವ ಒಬ್ಬರು, ದೂರ ಹೆಚ್ಚಿದ್ದಲ್ಲಿ ಬಗ್ಗಿ ಗಾಡಿ. ಬೆಂಗಳೂರಿನಂಥ ನಿಲ್ದಾಣದಲ್ಲಿ ಕನ್ನಡ ಮಾತಾಡುವ ದಾರಿಜೊತೆಗಾರರ ಸೇವೆಯನ್ನು ಟಿಕೆಟ್ ಬುಕಿಂಗ್‌ನಲ್ಲೇ ಬೇರೆಯಾಗಿ ಕೇಳುವಂತಾದರೆ ಕುರ್ಚಿಗಳು ಬೇಕಾದವರಿಗೆ ಉಳಿಯುತ್ತವೆ.

ಉಡುಪಿ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಮಾಲತಿ ಹೊಳ್ಳ 1988ರಲ್ಲಿ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋದಾಗ ನಮ್ಮಲ್ಲಿ ಈ ನಿಯಮ ಯಾವುದೂ ಇರಲಿಲ್ಲ. ಆಮೇಲೆ ಬಾರ್ಸಿಲೋನಾ, ಅಥೆನ್ಸ್, ಬೀಜಿಂಗ್. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಕಂಡ ದೇಹ ಹೊತ್ತು ದೇಶಗಳನ್ನು ಸುತ್ತಿ ಪದಕ ತಂದ ಅವರಿಗೆ ಪದ್ಮಶ್ರೀಯೂ ಬಂತು. ಅವರು ಗಟ್ಟಿಗರು ಎಂದು ಹೊಗಳಿ ಸುಮ್ಮನಾದರೆ ನ್ಯಾಯವಾಗದು. ಗಟ್ಟಿಗರಲ್ಲದ, ಪದಕ ತರದ, ಸುಮ್ಮನೆ ಗೋವಾ ನೋಡಲು ಹೊರಟ ಹುಡುಗಿಗೂ ಅದೇ ದಾರಿ ತೆರೆದಿರಬೇಕು.

ಕೊನೆಗೆ ಹಣದ ವಿಚಾರ. ಕಾನೂನಿನ ಕಣ್ಣಲ್ಲಿ ಸರಕು ಕೋಣೆಗೆ ಹೋದ ಕುರ್ಚಿ ಇನ್ನೂ ಲಗೇಜೇ. ದೇಶದೊಳಗಿನ ಹಾರಾಟದಲ್ಲಿ ಲಗೇಜ್ ಹಾನಿಗೆ ಪರಿಹಾರದ ಮಿತಿ 20,000 ರೂಪಾಯಿ. ಒಳ್ಳೆಯ ಬ್ಯಾಟರಿ ಕುರ್ಚಿಗೆ ಲಕ್ಷಗಟ್ಟಲೆ ಬೆಲೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದದ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ನಮ್ಮ ಲೆಕ್ಕದಲ್ಲಿ ಒಂದೂ ಮುಕ್ಕಾಲು ಲಕ್ಷದ ಆಸುಪಾಸು. ಅಮೆರಿಕದಲ್ಲಿ ವಿಮಾನ ಸಂಸ್ಥೆಗಳು ಹಾಳುಮಾಡಿದ, ಕಳೆದ ಅಥವಾ ತಡಮಾಡಿದ ವೀಲ್‌ಚೇರ್ ಮತ್ತು ಸ್ಕೂಟರುಗಳ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸಬೇಕು. 2023ರಲ್ಲಿ ಅದು 11,000 ದಾಟಿತ್ತು. ಅಲ್ಲಿ ದೇಶೀಯ ಹಾರಾಟದಲ್ಲಿ ಕುರ್ಚಿ ಹಾಳಾದರೆ ಅದರ ಮೂಲ ಖರೀದಿ ಬೆಲೆಯವರೆಗೆ ಕೊಡಬೇಕು. ನಮ್ಮಲ್ಲೂ ವೀಲ್‌ಚೇರನ್ನು ಲಗೇಜಿನ ಮಿತಿಯಿಂದ ಹೊರತೆಗೆದು ಪೂರ್ತಿ ಬೆಲೆ ಅಥವಾ ರಿಪೇರಿಯ ಜೊತೆಗೆ, ರಿಪೇರಿ ಆಗುವವರೆಗೆ ಬದಲಿ ಕುರ್ಚಿ ಕೊಡಬೇಕೆಂಬ ನಿಯಮ ಬರಬೇಕು.

ಅದು ಬರುವವರೆಗೆ ಅಂತರರಾಷ್ಟ್ರೀಯ ಪ್ರಯಾಣಕ್ಕೆ ಒಂದು ದಾರಿ ಆ ಒಪ್ಪಂದದಲ್ಲೇ ಇದೆ. ಕುರ್ಚಿಯನ್ನು ಒಪ್ಪಿಸುವಾಗ ಅದರ ಬೆಲೆಯನ್ನು ವಿಶೇಷವಾಗಿ ಘೋಷಿಸಬಹುದು. ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಬೇಕು, ಆಗ ಪರಿಹಾರ ಘೋಷಿಸಿದ ಮೊತ್ತದವರೆಗೆ ಏರುತ್ತದೆ. ಖರೀದಿ ಬಿಲ್ ಜೊತೆಗಿರಲಿ. ಇಳಿದ ಮೇಲೆ ಕುರ್ಚಿ ಸಿಕ್ಕ ಕೂಡಲೇ ಹೊರಡಬೇಡಿ. ಜಾಯ್‌ಸ್ಟಿಕ್ ಜೋಡಿಸಿ, ಬ್ರೇಕ್ ಹಿಡಿದು, ಹತ್ತು ಮಾರು ಓಡಿಸಿ ನೋಡಿ. ಬಿರುಕು, ಬಾಗು ಏನು ಕಂಡರೂ ಲಗೇಜ್ ಕೌಂಟರಿನಲ್ಲಿ ಅಲ್ಲೇ ಹಾನಿಯ ವರದಿ ಬರೆಸಿ ಪ್ರತಿ ಪಡೆಯಿರಿ. ವಿಮಾನ ಸಂಸ್ಥೆಯ ದೂರು ಪರಿಹಾರ ಅಧಿಕಾರಿಗೂ, ಸರ್ಕಾರದ ಏರ್‌ಸೇವಾ ಪೋರ್ಟಲ್‌ಗೂ ಅದೇ ವರದಿಯನ್ನು ಫೋಟೊ ಸಮೇತ ಕಳಿಸಿ. ಅಂತರರಾಷ್ಟ್ರೀಯ ಹಾರಾಟವಾದರೆ ಲಿಖಿತ ದೂರಿಗೆ 7 ದಿನದ ಗಡುವು. ದೂರಿಲ್ಲದೆ ಸಾಮಾನು ತೆಗೆದುಕೊಂಡು ಹೊರಬಂದರೆ ಅದು ಸುಸ್ಥಿತಿಯಲ್ಲಿ ಕೈಸೇರಿತು ಎಂದೇ ಕಾನೂನು ಮೇಲ್ನೋಟಕ್ಕೆ ನಂಬುತ್ತದೆ, ಹಾಗಲ್ಲವೆಂದು ಸಾಬೀತು ಮಾಡುವ ಹೊಣೆ ಆಮೇಲೆ ಪ್ರಯಾಣಿಕರ ಮೇಲೆ ಬೀಳುತ್ತದೆ.